ಶಿರಸಿಯಿಂದ ಸಿಂಗಾಪುರಕ್ಕೆ: ಎರಡು ವೀಲ್‌ಚೇರ್, ಐದು ಜನ, ಒಂದು ಅಳತೆ ಟೇಪು

ಮೊದ್ಲು ಒಂದು ಅಳತೆ ಟೇಪ್ ತಗೊಳ್ಳಿ, ಪಾಸ್‌ಪೋರ್ಟು ವೀಸಾ ಎಲ್ಲ ಆಮೇಲೆ. ಆಚಾರಿಗಳ ಕಿಸೆಲಿ ಇರತ್ತಲ್ಲ, ಎಳೆದ್ರೆ ಬರೋದು ಬಿಟ್ರೆ ಪಟ್ ಅಂತ ಒಳಗೆ ಓಡೋದು, ಅದೇ. ವೀಲ್‌ಚೇರ್ ಇರೋ ಮನೆಯವ್ರು ಹೊರದೇಶಕ್ಕೆ ಹೋಗ್ತೀವಿ ಅಂದ್ರೆ ಜನ ದುಡ್ಡು ಎಷ್ಟು ಅಂತ ಕೇಳ್ತಾರೆ, ನಾನಂತೂ ಬಾಗಿಲು ಎಷ್ಟು ಇಂಚು ಅಂತ ಕೇಳ್ತೀನಿ.

ನಮ್ಮನೆ ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ, ತೋಟದ ಮನೆ. ಆಯಿಗೆ, ಅಂದ್ರೆ ನಮ್ಮ ತಾಯಿಗೆ, ಎರಡೂ ಮಂಡಿ ಹೋಗಿವೆ, ಮನೆಯೊಳಗೆ ಗೋಡೆ ಹಿಡ್ಕೊಂಡು ನಾಲ್ಕು ಹೆಜ್ಜೆ ಹಾಕ್ತಾರೆ, ಹೊರಗಡೆ ವೀಲ್‌ಚೇರೇ. ನನ್ನ ತಮ್ಮ ಅಡಿಕೆ ಕೊನೆ, ಅಂದ್ರೆ ಗೊನೆ, ಕೊಯ್ಯೋ ಟೈಮಲ್ಲಿ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಇಲ್ಲ. (ಈಗ ಎಲ್ಲರ ಮನೇಲೂ ನೆಲದ ಮೇಲೆ ನಿಂತೇ ಕೊನೆ ಇಳಿಸೋ ಫೈಬರ್ ದೋಟಿ ಬಂದಿದೆ, ನೋಡಿದಾಗೆಲ್ಲ ಹೊಟ್ಟೆ ಉರಿಯತ್ತೆ.) ಇವರಿಬ್ರು, ನಾನು, ನನ್ನ ಹೆಂಡ್ತಿ, ಹನ್ನೊಂದು ವರ್ಷದ ಮಗಳು. ತಂಗಿ ಸಿಂಗಾಪುರದಲ್ಲಿದ್ದಾಳೆ, ಬನ್ನಿ ಬನ್ನಿ ಅಂತ ಕರೀತಾನೇ ಇದ್ಲು, ಆಯಿದು ಒಂದೇ ರಾಗ, "ಯಂಗೆ ಬಪ್ಪಲಾಗ್ತಿಲ್ಲೆ, ನಿಂಗ ಹೋಗ್ಬನ್ನಿ". ಕೊನೆಗೂ ಹೋದ್ವಿ, ಬಂದ್ವಿ. ಹೋಗಿ ಬಂದಮೇಲೆ ನಮ್ಮ ಕಡೆ ನಾಲ್ಕೈದು ಮನೆಯವ್ರು ಹೆಂಗೆ ಮಾಡಿದ್ರಿ ಅಂತ ಕೇಳಿದ್ರು, ಪ್ರತಿ ಸಲ ಹೇಳೋ ಬದ್ಲು ಬರೆದೇ ಬಿಡೋಣ ಅಂತ.

ಅಳತೆ ವಿಷಯ. ವೀಲ್‌ಚೇರಿನ ಒಟ್ಟು ಅಗಲ, ಅಂದ್ರೆ ಸೀಟಿಂದಲ್ಲ, ಚಕ್ರದ ಹೊರಗೆ ಕೈಲಿ ಹಿಡಿದು ತಿರುಗಿಸೋ ಬಳೆಯಿಂದ ಆ ಕಡೆ ಬಳೆವರೆಗೆ. ಮಡಚಿದಾಗ ಉದ್ದ ಅಗಲ ಎತ್ತರ. ತೂಕ. ನೆಲದಿಂದ ಸೀಟಿನ ಎತ್ತರ. ಇಷ್ಟನ್ನೂ ಒಂದು ಚೀಟಿಲಿ ಬರೆದು ಫೋಟೋ ಹೊಡೆದು ಫೋನಲ್ಲಿ ಇಟ್ಕೊಳ್ಳಿ, ಟಿಕೆಟ್ ಬುಕ್ ಮಾಡುವಾಗ, ಹೋಟೆಲಿಗೆ, ಟ್ಯಾಕ್ಸಿಗೆ, ಎಲ್ಲಾ ಕಡೆ ಇದೇ ಕೇಳ್ತಾರೆ. ಆಯಿದು ಮೆಡಿಕಲ್ ಅಂಗಡಿಲಿ ತಂದ ಆಸ್ಪತ್ರೆ ಮಾದರಿ ಚೇರು, ಅಗಲ ಇಪ್ಪತ್ತೈದೂವರೆ ಇಂಚು. ತಮ್ಮಂದು ಅವನ ಮೈಗೆ ಸರಿಯಾಗಿ ಮಾಡಿಸಿದ್ದು, ಇಪ್ಪತ್ನಾಲ್ಕು. ಈ ಒಂದೂವರೆ ಇಂಚಿನ ವ್ಯತ್ಯಾಸಕ್ಕೆ ಒಂದು ಬಚ್ಚಲಮನೆ ಬಾಗಿಲಲ್ಲಿ ತಮ್ಮ ಒಳಗೆ ಹೋದ, ಆಯಿ ಹೊರಗೇ ಉಳಿದ್ರು.

ಯಾವ ದೇಶ ಅನ್ನೋದು. ಮೊದಲ ಸಲಕ್ಕೆ ನೇರ ಫ್ಲೈಟ್ ಇರೋ, ಐದು ತಾಸಿನೊಳಗೆ ಮುಟ್ಟೋ ಊರೇ ಆರಿಸ್ಕೊಳ್ಳಿ, ಯುರೋಪಿನ ಹಳೇ ಪೇಟೆಗಳ ಕಲ್ಲುಹಾಸು ರಸ್ತೆ ಎಲ್ಲ ಎರಡನೇ ಸಲಕ್ಕೆ ಇರ್ಲಿ. ಬೆಂಗಳೂರಿಂದ ಸಿಂಗಾಪುರ ಸುಮಾರು ನಾಲ್ಕೂವರೆ ತಾಸು. ಅಲ್ಲಿ ಮೆಟ್ರೋ ಸ್ಟೇಷನ್ನಿಗೆಲ್ಲ ಲಿಫ್ಟ್ ಇದೆ, ಸಾರ್ವಜನಿಕ ಬಸ್ಸುಗಳೆಲ್ಲ ವೀಲ್‌ಚೇರ್ ಹತ್ತೋ ಹಂಗಿವೆ, ಊರೆಲ್ಲ ಚಪ್ಪಟೆ, ಘಟ್ಟ ಗಿಟ್ಟ ಏನಿಲ್ಲ. ಲಿಟಲ್ ಇಂಡಿಯಾಲಿ ಊಟದ ಚಿಂತೆನೂ ಇಲ್ಲ, 1947ರಿಂದ ನಡೀತಿರೋ ಕೋಮಳ ವಿಲಾಸ್‌ನಲ್ಲಿ ದೋಸೆ ಸಿಕ್ಕಿದ್ದೇ ಆಯಿ ಮುಖ ಅರಳ್ತು. ನಮ್ಮ ಭಟ್ಕಳ ಕಡೆಯವ್ರಿಗೆ ದುಬೈಲಿ ನೆಂಟರಿರ್ತಾರೆ, ಅವ್ರಿಗೆ ಅದೇ ಅನುಕೂಲ, ನೇರ ಫ್ಲೈಟ್ ಮಂಗಳೂರಿಂದಲೇ ಇದೆ.

ಕಾಗದಪತ್ರ ಬೇಗ ಹೇಳಿ ಮುಗಿಸ್ತೀನಿ. ಪಾಸ್‌ಪೋರ್ಟಿಗೆ ನಾವು ಹೋಗಿದ್ದು ಹುಬ್ಬಳ್ಳಿ ಸೇವಾ ಕೇಂದ್ರಕ್ಕೆ, ಹೋಗೋ ದಿನದಿಂದ ಆರು ತಿಂಗಳಾದ್ರೂ ಅವಧಿ ಉಳಿದಿರ್ಬೇಕು. ಸಿಂಗಾಪುರಕ್ಕೆ ನಮಗೆ ವೀಸಾ ಬೇಕು, ಅಧಿಕೃತ ಏಜೆಂಟ್ ಮೂಲಕ ಅರ್ಜಿ, ಫಾರ್ಮ್ 14ಎ. ಇದಲ್ದೆ ಅರೈವಲ್ ಕಾರ್ಡ್ ಅಂತ ಒಂದಿದೆ, ಅಲ್ಲಿ ಇಳಿಯೋ ಹಿಂದಿನ ಮೂರು ದಿನದೊಳಗೆ ಆನ್‌ಲೈನಲ್ಲಿ ತುಂಬೋದು, ಅದು ಪೂರ್ತಿ ಫ್ರೀ, ದುಡ್ಡು ಕೇಳೋ ವೆಬ್‌ಸೈಟ್ ಕಂಡ್ರೆ ಅದು ಮೋಸ. ಯುಡಿಐಡಿ ಕಾರ್ಡ್ (ಸರ್ಕಾರ ಕೊಡೋ ಅಂಗವಿಕಲರ ಗುರುತಿನ ಚೀಟಿ) ನಮ್ಮ ದೇಶದ ಏರ್‌ಪೋರ್ಟಲ್ಲಿ ತೋರಿಸೋಕೆ ಚಲೋ, ಹೊರಗಡೆ ಅದಕ್ಕೆ ಕಿಮ್ಮತ್ತಿಲ್ಲ, ಡಾಕ್ಟರ ಇಂಗ್ಲಿಷ್ ಪತ್ರವೇ ಬೇಕು.

ಈಗ ಟಿಕೆಟ್. ಇಲ್ಲೇ ಎಲ್ಲರೂ ತಪ್ಪೋದು. "ವೀಲ್‌ಚೇರ್ ಬೇಕು" ಅಂತ ಒಂದು ಟಿಕ್ ಹಾಕಿ ಸುಮ್ನೆ ಕೂತ್ಕೊಂಡ್ರೆ ಆಗಲ್ಲ ಮಾರಾಯ್ರೆ, ಯಾಕಂದ್ರೆ ಏರ್‌ಲೈನಿನವ್ರಿಗೆ ವೀಲ್‌ಚೇರಲ್ಲಿ ಮೂರು ಜಾತಿ. ಡಬ್ಲ್ಯೂಸಿಎಚ್‌ಆರ್ ಅಂದ್ರೆ ದೂರ ನಡೆಯೋಕೆ ಆಗಲ್ಲ ಅಷ್ಟೇ, ಮೆಟ್ಲು ಹತ್ತಿ ಸೀಟಿನವರೆಗೆ ತಾವೇ ಹೋಗ್ತಾರೆ. ಡಬ್ಲ್ಯೂಸಿಎಚ್‌ಎಸ್ ಅಂದ್ರೆ ಮೆಟ್ಲು ಹತ್ತೋಕಾಗಲ್ಲ, ವಿಮಾನದ ಒಳಗೆ ನಾಲ್ಕು ಹೆಜ್ಜೆ ಹಾಕ್ತಾರೆ, ಅದು ನಮ್ಮ ಆಯಿ. ಡಬ್ಲ್ಯೂಸಿಎಚ್‌ಸಿ ಅಂದ್ರೆ ಸೀಟಿನವರೆಗೂ ಸಹಾಯ ಬೇಕು, ನಡೆಯೋದೇ ಇಲ್ಲ, ಅದು ತಮ್ಮ. ಈ ಕೊನೇ ಅಕ್ಷರ ತಪ್ಪಾದ್ರೆ ವಿಮಾನದ ಬಾಗಿಲಲ್ಲಿ ಐಲ್ ಚೇರ್, ಅಂದ್ರೆ ಸೀಟುಗಳ ನಡುವಿನ ದಾರಿಲಿ ತೂರೋ ಸಪೂರ ಚೇರ್, ಇರಲ್ಲ, ಇಬ್ರು ಹುಡುಗರು ಬಂದು ಕಂಕುಳಿಗೆ ಕೈ ಹಾಕಿ ಎತ್ತೋಕೆ ನೋಡ್ತಾರೆ. ಹಿಂದೊಮ್ಮೆ ದೇಶದೊಳಗಿನ ಒಂದು ಪ್ರಯಾಣದಲ್ಲಿ ನಮಗೆ ಹಂಗೇ ಆಗಿ ತಮ್ಮನ ಸೊಂಟ ಆರ್ಮ್‌ರೆಸ್ಟಿಗೆ ತಾಗಿ ಗಾಯ, ಅವನಿಗೆ ನೋವು ಗೊತ್ತಾಗಲ್ವಲ್ಲ, ಮನೆಗೆ ಬಂದು ಬಟ್ಟೆ ಬದಲಿಸುವಾಗ ರಕ್ತ ಕಂಡಿದ್ದು. ಹಂಗಾಗಿ ಟಿಕೆಟ್ ಆದ ದಿನವೇ ಏರ್‌ಲೈನಿಗೆ ಫೋನ್ ಮಾಡಿ ಇಬ್ಬರಿಗೂ ಬೇರೆ ಬೇರೆ ಕೋಡ್ ಹಾಕ್ಸಿ, ಮೇಲ್‌ನಲ್ಲಿ ಬರೆಸ್ಕೊಳ್ಳಿ, ಆಮೇಲೆ ಪ್ರಯಾಣಕ್ಕೆ 48 ತಾಸು ಮುಂಚೆ ಮತ್ತೊಂದ್ಸಲ ಕೇಳಿ ಖಾತ್ರಿ ಮಾಡ್ಕೊಳ್ಳಿ, ನಮ್ಮ ದೇಶದ ವಿಮಾನಯಾನ ನೋಡ್ಕೊಳ್ಳೋ ಡಿಜಿಸಿಎ ನಿಯಮದಲ್ಲೂ ಈ 48 ತಾಸಿನ ಲೆಕ್ಕ ಇದೆ. ಕೆಲವರು ಮೆಡಿಫ್ ಅಂತ ಡಾಕ್ಟರ ಫಾರ್ಮ್ ಕೇಳ್ತಾರೆ, ಅದು ಕಾಯಿಲೆ ಇರೋರಿಗೆ, ಇತ್ತೀಚೆಗೆ ಆಪರೇಷನ್ ಆದೋರಿಗೆ, ಆಕ್ಸಿಜನ್ ಬೇಕಾದೋರಿಗೆ. ವರ್ಷಗಟ್ಟಲೆ ಹಿಂದೆ ಪೆಟ್ಟಾಗಿ ಈಗ ಆರಾಮಿರೋರಿಗೆ ಅದರ ಅಗತ್ಯ ಇಲ್ಲ ಅಂತ ಸಮಾಧಾನದಲ್ಲೇ ಹೇಳಿ.

ಸೀಟು ಕೇಳುವಾಗ ಐಲ್ ಪಕ್ಕದ್ದೇ ಕೇಳಿ, ಅದರ ಆರ್ಮ್‌ರೆಸ್ಟ್ ಮೇಲೆ ಏಳೋ ತರದ್ದಾ ಅಂತ ಕೇಳಿ. ಏಳಲ್ಲ ಅಂತಾರೆ, ಎಷ್ಟೋ ವಿಮಾನದಲ್ಲಿ ಏಳತ್ತೆ, ಹಿಂದುಗಡೆ ಕೀಲಿನ ಹತ್ರ ಕೆಳಗೆ ಬೆರಳು ಹಾಕಿದ್ರೆ ಸಣ್ಣ ಗುಂಡಿ ಸಿಗತ್ತೆ. ತುರ್ತು ಬಾಗಿಲ ಸಾಲಿನ ಸೀಟು ಕೊಡಲ್ಲ, ಕೇಳ್ಬೇಡಿ. ನಮ್ಮಂಥೋರನ್ನ ಮೊದ್ಲು ಹತ್ತಿಸ್ತಾರೆ, ಎಲ್ಲರೂ ಇಳಿದಮೇಲೆ ಕೊನೆಗೆ ಇಳಿಸ್ತಾರೆ, ಹಂಗಾಗಿ ನಡುವೆ ವಿಮಾನ ಬದಲಿಸೋದಿದ್ರೆ ಮೂರು ತಾಸಾದ್ರೂ ಅಂತರ ಇಡಿ.

ಚೇರಿನ ಕತೆ ಇನ್ನೊಂದು. ಚೆಕ್‌ಇನ್ ಕೌಂಟರಲ್ಲಿ ನಿಮ್ಮ ಸ್ವಂತ ಚೇರ್ ತಗೊಂಡು ಲಗೇಜಿಗೆ ಹಾಕಿ ಏರ್‌ಪೋರ್ಟಿನ ಚೇರ್ ಕೊಡ್ತೀವಿ ಅಂತಾರೆ. ಆಯಿಗೆ ಅದು ನಡೆಯತ್ತೆ. ತಮ್ಮನಂಥೋರಿಗೆ ಬೇಡವೇ ಬೇಡ, ಆ ಚೇರಿಗೆ ಕುಷನ್ ಇರಲ್ಲ, ಎರಡು ತಾಸು ಕೂತ್ರೆ ಕೂತ ಜಾಗ ಹುಣ್ಣಾಗೋಕೆ ಶುರು, ಆಮೇಲೆ ತಿಂಗಳುಗಟ್ಟಲೆ ಮಗುಚಿ ಮಲಗೋ ಶಿಕ್ಷೆ. ವಿಮಾನದ ಬಾಗಿಲವರೆಗೆ ಸ್ವಂತ ಚೇರಲ್ಲೇ ಹೋಗ್ತೀನಿ, ಅಲ್ಲಿ ಇಳಿದಾಗ್ಲೂ ಬಾಗಿಲಲ್ಲೇ ತಂದುಕೊಡಿ ಅಂತ ಹೇಳಿ ಟ್ಯಾಗ್ ಮೇಲೆ ಹಂಗೇ ಬರೆಸ್ಕೊಳ್ಳಿ. ಬಾಗಿಲಲ್ಲಿ ಕೊಡೋಕೆ ಮುಂಚೆ ಬಿಚ್ಚಿ ಬರೋದೆಲ್ಲ ಬಿಚ್ಚಿ: ಕುಷನ್, ಕಾಲಿಡೋ ಫುಟ್‌ರೆಸ್ಟ್, ಪಕ್ಕದ ತಟ್ಟೆ, ಎಲ್ಲ ಒಂದು ಬಟ್ಟೆ ಚೀಲಕ್ಕೆ ಹಾಕಿ ಒಳಗೆ ಒಯ್ಯಿರಿ. ನಾವು ವಾಪಸ್ ಬರುವಾಗ ನಿದ್ದೆಗಣ್ಣಲ್ಲಿ ಆಯಿ ಚೇರಿನ ಫುಟ್‌ರೆಸ್ಟ್ ಬಿಚ್ಚೋದು ಮರೆತ್ವಿ, ಬೆಲ್ಟಿನ ಮೇಲೆ ಚೇರು ಒಂಟಿಗಾಲಲ್ಲಿ ಬಂತು. ಅಂಥ ಹೊತ್ತಲ್ಲಿ ಮನೆಗೆ ಬಂದು ಮೇಲ್ ಮಾಡ್ತೀನಿ ಅಂತ ಹೊರಟುಬಿಡ್ಬೇಡಿ, ಏರ್‌ಪೋರ್ಟ್ ಬಿಡೋಕೆ ಮುಂಚೆ ಅಲ್ಲೇ ಪಿಐಆರ್ ಅಂತ ದೂರಿನ ರಿಪೋರ್ಟ್ ಬರೆಸಿ ಅದರ ಪ್ರತಿ ತಗೊಳ್ಳಿ, ಡ್ಯಾಮೇಜಿಗೆ ಏಳು ದಿನದೊಳಗೆ ಬರಹದಲ್ಲಿ ಕ್ಲೇಮ್ ಹಾಕ್ಬೇಕು. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಚೇರು ಕೂಡ ಲಗೇಜ್ ಲೆಕ್ಕದಲ್ಲೇ ಬರತ್ತೆ, 2024ರ ಡಿಸೆಂಬರ್ 28ರಿಂದ ಪರಿಹಾರದ ಮಿತಿ ಒಬ್ಬರಿಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ). ನಿಮ್ಮ ಚೇರ್ ಅದಕ್ಕಿಂತ ದುಬಾರಿ ಇದ್ರೆ ಚೆಕ್‌ಇನ್‌ನಲ್ಲೇ ಬೆಲೆ ಘೋಷಣೆ ಮಾಡ್ಬೇಕು. ಹೊರಡೋ ದಿನ ಬೆಳಿಗ್ಗೆ ಚೇರಿನ ನಾಲ್ಕೂ ಕಡೆ ಫೋಟೋ ಹೊಡ್ಕೊಳ್ಳಿ, ತಾರೀಕು ಬೀಳೋ ಹಂಗೆ.

ಬ್ಯಾಟರಿ ಚೇರ್ ಇರೋರಿಗೆ: ಲಿಥಿಯಂ ಬ್ಯಾಟರಿ ಆದ್ರೆ ಅದರ ಮೇಲೆ ವ್ಯಾಟ್-ಅವರ್ ಬರೆದಿರತ್ತೆ, ಬಿಚ್ಚಿ ಒಳಗೆ ಒಯ್ಯೋ ಬ್ಯಾಟರಿ 300 ಮೀರೋ ಹಂಗಿಲ್ಲ. ಸ್ಪೇರ್ ಬ್ಯಾಟರಿ ಒಂದೇ ಆದ್ರೆ 300, ಎರಡಾದ್ರೆ ತಲಾ 160. ಏರ್‌ಲೈನಿನ ಒಪ್ಪಿಗೆ ಮೊದಲೇ ಬೇಕು. ಸಿಂಗಾಪುರದ ಪ್ಲಗ್ಗಿಗೆ ಚೌಕಾಕಾರದ ಮೂರು ದಪ್ಪ ಪಿನ್ನು, ನಮ್ಮ ಚಾರ್ಜರ್ ಕೂರಲ್ಲ, ಅಡಾಪ್ಟರ್ ಒಯ್ಯಿರಿ.

ನಮಗೆ ನಿಜವಾಗ್ಲೂ ಕಷ್ಟ ಆಗಿದ್ದು ಸಮುದ್ರ ದಾಟೋದಲ್ಲ, ಶಿರಸಿಯಿಂದ ದೇವನಹಳ್ಳಿ ಮುಟ್ಟೋದು. ಕಾರವಾರ ಅಂಕೋಲೆ ಕಡೆಯವ್ರಿಗೆ ಗೋವಾ ಹತ್ರ, ದಾಬೋಳಿ ಇದೆ ಮೋಪಾ ಇದೆ, ಅಲ್ಲಿಂದ ಬೆಂಗಳೂರಿಗೆ ಹಾರಿ ಮುಂದೆ ಹೋಗ್ಬಹುದು. ಟಿಕೆಟಲ್ಲಿ ಯಾವ ಗೋವಾ ಅಂತ ಎರಡು ಸಲ ನೋಡಿ, ಎರಡೂ ಎರಡು ದಿಕ್ಕು. ಹುಬ್ಬಳ್ಳಿಯಿಂದ ಹಾರೋದಾದ್ರೆ ಸಣ್ಣ ವಿಮಾನ ಬಂದ್ರೆ ಮೆಟ್ಲು ಇರತ್ತೆ, ಆಂಬುಲಿಫ್ಟೋ (ಚೇರ್ ಸಮೇತ ವಿಮಾನದ ಬಾಗಿಲಿಗೆ ಏರಿಸೋ ಲಿಫ್ಟ್ ಗಾಡಿ) ರಾಂಪೋ ಇದೆಯಾ ಅಂತ ಆ ಏರ್‌ಲೈನಿಗೇ ಕೇಳಿ. ಶಿರಸಿಗೆ ರೈಲಂತೂ ಇಲ್ಲ, ತಾಳಗುಪ್ಪಕ್ಕೆ ಹೋಗ್ಬೇಕು, ಎಸಿ ಬೋಗಿ ಬಾಗಿಲಲ್ಲಿ ಚೇರ್ ತೂರಲ್ಲ, ಎತ್ತಿಕೊಂಡೇ ಹೋಗ್ಬೇಕು. ಹಂಗಾಗಿ ನಾವು ಬಾಡಿಗೆ ಇನೋವಾ ಮಾಡಿದ್ವಿ. ಟೆಂಪೋ ಟ್ರಾವೆಲರ್ ಜಾಗ ಜಾಸ್ತಿ ಅಂತ ಆಸೆ ಆಗತ್ತೆ, ಅದರ ಸೀಟು ಎತ್ತರ, ಚೇರಿಂದ ಜಾರಿಸಿ ಕೂರಿಸೋಕೆ ಆಗಲ್ಲ. ಇನೋವಾದಲ್ಲಿ ಐದು ಜನ, ಡ್ರೈವರ್, ಮಡಚಿದ ಎರಡು ಚೇರ್ ಹಿಂದೆ, ಸೂಟ್‌ಕೇಸೆಲ್ಲ ಮೇಲೆ ಕ್ಯಾರಿಯರ್‌ಗೆ ಟಾರ್ಪಾಲ್ ಕಟ್ಟಿ.

ಚೇರಿಂದ ಕಾರಿಗೆ ಜಾರೋಕೆ ಒಂದು ಹಲಗೆ ಬೇಕು. ಆನ್‌ಲೈನಲ್ಲಿ ಟ್ರಾನ್ಸ್‌ಫರ್ ಬೋರ್ಡ್ ಅಂತ ಸಿಕ್ಕಾಪಟ್ಟೆ ರೇಟು. ನಮ್ಮೂರ ಆಚಾರಿ ಹಲಸಿನ ಹಲಗೆಲಿ ಮಾಡಿಕೊಟ್ಟ, ಎರಡೂವರೆ ಅಡಿ ಉದ್ದ, ಒಂಬತ್ತು ಇಂಚು ಅಗಲ, ಎರಡೂ ತುದಿ ಇಳಿಜಾರು, ಪಾಲಿಶ್ ಕಾಗದ ತಿಕ್ಕಿ ತಿಕ್ಕಿ ಕನ್ನಡಿ ಹಂಗೆ ಮಾಡಿದ್ದಾನೆ. ಸಿಂಗಾಪುರದ ಟ್ಯಾಕ್ಸಿ ಡ್ರೈವರ್ ಒಬ್ಬ ಅದನ್ನ ಕೈಲಿ ಹಿಡಿದು ತಿರುಗಿಸಿ ನೋಡಿದ.

ಶಿರಸಿಯಿಂದ ಬೆಂಗಳೂರು ಸುಮಾರು ನಾನೂರು ಕಿಲೋಮೀಟರ್, ಒಂದೇ ಬೀಸಿಗೆ ಹೋಗ್ಬೇಡಿ. ನಾವು ತುಮಕೂರಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಬೆಂಗಳೂರು ಪೇಟೆಗೆ ನುಗ್ಗದೇ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ ಹಾದು ದೇವನಹಳ್ಳಿಗೆ ಹೋದ್ವಿ. ಡ್ರೈವರಿಗೆ ಟರ್ಮಿನಲ್ 2 ಅಂತ ಮೊದಲೇ ಹೇಳಿ, ಹೊರದೇಶದ ಫ್ಲೈಟೆಲ್ಲ ಅಲ್ಲಿಂದ. ತಂಗೋ ಜಾಗಕ್ಕೆ ಫೋನ್ ಮಾಡಿ "ವೀಲ್‌ಚೇರ್ ಬರತ್ತಾ" ಅಂದ್ರೆ ಎಲ್ಲರೂ ಬರತ್ತೆ ಸಾರ್ ಅಂತಾರೆ, ನಾವು ಹಂಗೇ ನಂಬಿ ಹೋದ್ರೆ ಬಾಗಿಲಲ್ಲೇ ನಾಲ್ಕು ಮೆಟ್ಲು, ಕೇಳಿದ್ರೆ "ಹುಡುಗರು ಎತ್ತುತಾರೆ ಸಾರ್". ಪ್ರಶ್ನೆ ಬದಲಿಸಿ. ರಸ್ತೆಯಿಂದ ರೂಮಿನವರೆಗೆ ಎಷ್ಟು ಮೆಟ್ಲು? ಬಚ್ಚಲ ಬಾಗಿಲಿಗೆ ಟೇಪ್ ಹಿಡಿದು ಫೋಟೋ ಕಳಿಸ್ತೀರಾ? ಮಂಚ ನೆಲದಿಂದ ಎಷ್ಟು ಎತ್ತರ? ಹೊರದೇಶದ ಹೋಟೆಲಿಗೂ ಇದೇ ಮೂರು ಪ್ರಶ್ನೆ, ಅವ್ರು ಫೋಟೋ ಕಳಿಸೋಕೆ ಬೇಜಾರು ಮಾಡ್ಕೊಳಲ್ಲ.

ಹೊರಡೋಕೆ ಒಂದು ತಿಂಗಳು ಮುಂಚೆ ಮನೆ ಹತ್ರವೇ ಒಂದು ರಿಹರ್ಸಲ್ ಮಾಡಿ. ನಾವು ಮುರ್ಡೇಶ್ವರಕ್ಕೆ ಹೋಗಿ ಒಂದು ರಾತ್ರಿ ಉಳಿದು ಬಂದ್ವಿ, ರಾಜಗೋಪುರಕ್ಕೆ ಲಿಫ್ಟ್ ಇದೆ, ಮಗಳಿಗೆ ಖುಷಿ. ಘಟ್ಟದ ತಿರುವಲ್ಲಿ ತಮ್ಮ ಒಂದೇ ಕಡೆ ವಾಲ್ತಾನೆ, ಪಕ್ಕಕ್ಕೆ ದಿಂಬು ಬೇಕು ಅಂತ ಗೊತ್ತಾಗಿದ್ದು ಆವಾಗ್ಲೇ. ಎರಡು ಚೇರ್ ತಳ್ಳೋಕೆ ಇಬ್ರು ಹೋದ್ರೆ ಸೂಟ್‌ಕೇಸ್ ಎಳೆಯೋಕೆ ಕೈಯೇ ಉಳಿಯಲ್ಲ ಅನ್ನೋದೂ ಆವಾಗ್ಲೇ ಹೊಳೀತು, ಆಮೇಲೆ ಎಲ್ಲ ಬೆನ್ನಿಗೆ ಹಾಕೋ ಬ್ಯಾಗ್ ಮಾಡ್ಕೊಂಡ್ವಿ.

ಏರ್‌ಪೋರ್ಟಲ್ಲಿ ಸಹಾಯಕ್ಕೆ ಬರೋ ಹುಡುಗರು ಚೇರ್ ತಳ್ಕೊಂಡು ಬಿರಬಿರನೆ ಬೇರೆ ಲಿಫ್ಟಲ್ಲಿ ಹೋಗಿಬಿಡ್ತಾರೆ, ಉಳಿದೋರು ಕ್ಯೂಲಿ. ಅದಕ್ಕೇ ಇಬ್ಬರ ಕೊರಳಿಗೂ ಒಂದೊಂದು ಚೀಲ ಹಾಕಿ ಪಾಸ್‌ಪೋರ್ಟ್, ಬೋರ್ಡಿಂಗ್ ಪಾಸ್, ಫೋನ್ ಅದರಲ್ಲಿಡಿ. ಆಯಿ ಇಮಿಗ್ರೇಷನ್ ಆ ಕಡೆ, ಆಯಿ ಪಾಸ್‌ಪೋರ್ಟ್ ನನ್ನ ಕಿಸೇಲಿ ಈ ಕಡೆ, ಹತ್ತು ನಿಮಿಷ ನನ್ನ ಜೀವ ಬಾಯಿಗೆ ಬಂದಿತ್ತು.

ಇನ್ನು ಯಾರೂ ಬಾಯಿಬಿಟ್ಟು ಹೇಳದ ವಿಷಯ, ಒಂದಕ್ಕೆ ಎರಡಕ್ಕೆ. ನಾಲ್ಕೂವರೆ ತಾಸಿನ ದಾರಿಲಿ ಓಡೋ ಸಣ್ಣ ವಿಮಾನದ ಟಾಯ್ಲೆಟ್ಟಿಗೆ ಚೇರ್ ಹೋಗಲ್ಲ, ದೊಡ್ಡ ವಿಮಾನದಲ್ಲಿ ಸ್ವಲ್ಪ ಅಗಲದ್ದು ಇರೋದುಂಟು, ಬುಕ್ ಮಾಡುವಾಗ ಕೇಳಿ. ಇದಕ್ಕೆ ಹೆದರಿ ನೀರು ಕುಡಿಯೋದೇ ಬಿಡ್ತಾರೆ ಜನ, ಹಂಗೆ ಮಾಡ್ಬೇಡಿ, ಬೆನ್ನುಹುರಿ ಪೆಟ್ಟಾದೋರಿಗೆ ಮೂತ್ರದ ಸೋಂಕು ಬರೋಕೆ ಅಷ್ಟು ಸಾಕು. ತಮ್ಮ ಮನೇಲಿ ದಿನಾ ಕೆಥೆಟರ್ (ಮೂತ್ರ ತೆಗೆಯೋ ನಳಿಕೆ) ಹಾಕಿ ತೆಗೀತಾನೆ, ಪ್ರಯಾಣಕ್ಕೆ ಮಾತ್ರ ಡಾಕ್ಟರನ್ನ ಕೇಳಿ ಕಾಲಿಗೆ ಕಟ್ಟೋ ಬ್ಯಾಗ್ ಬಳಸಿದ, ಹತ್ತೋ ಮುಂಚೆ ಖಾಲಿ, ಇಳಿದ್ಮೇಲೆ ಖಾಲಿ. ಹೊಟ್ಟೆ ಖಾಲಿ ಮಾಡೋ ಕ್ರಮ ಹಿಂದಿನ ದಿನವೇ ಮುಗಿಸ್ಕೊಳ್ಳಿ. ಸಿಂಗಾಪುರ ನಮಗಿಂತ ಎರಡೂವರೆ ತಾಸು ಮುಂದೆ, ದೇಹದ ಗಡಿಯಾರ ಎರಡು ದಿನ ಕಿರಿಕಿರಿ ಮಾಡತ್ತೆ. ಗಾಳಿ ತುಂಬೋ ಕುಷನ್ ಇದ್ರೆ ವಿಮಾನ ಮೇಲೇರಿದಾಗ ಅದು ಉಬ್ಬತ್ತೆ, ಸ್ವಲ್ಪ ಗಾಳಿ ಬಿಡಿ, ಇಳಿದ್ಮೇಲೆ ಮತ್ತೆ ತುಂಬಿ. ಅರ್ಧರ್ಧ ತಾಸಿಗೆ ಕೈಯೂರಿ ಮೈ ಎತ್ತೋದು, ಅತ್ತ ಇತ್ತ ವಾಲೋದು, ಸಿನೆಮಾ ನೋಡ್ತಾ ಮರೀಬಾರದು, ಅಲಾರಂ ಇಡಿ. ಅಲ್ಲಿನ ಟಾಯ್ಲೆಟ್ ದೊಡ್ಡದು, ಹಿಡಿಕೆ ಎಲ್ಲ ಇದೆ, ನೀರಿನ ಪೈಪ್ ಮಾತ್ರ ಎಲ್ಲಾ ಕಡೆ ಇರಲ್ಲ. ಆಯಿ ಸ್ಟೀಲಿನ ಚೊಂಬು ಸೂಟ್‌ಕೇಸಲ್ಲಿ ಹಾಕಿದಾಗ ನಾವೆಲ್ಲ ನಕ್ಕಿದ್ವಿ, ಮೂರನೇ ದಿನದಿಂದ ಎಲ್ಲರೂ ಅದನ್ನೇ ಕೇಳಿ ಪಡೀತಿದ್ವಿ.

ಔಷಧಿ ಎಲ್ಲ ಕೈಚೀಲದಲ್ಲೇ, ಅದರ ಮೂಲ ಪ್ಯಾಕಲ್ಲಿ, ಚೀಟಿ ಸಮೇತ. ಡಯಾಜೆಪಾಮ್, ಕೊಡೀನ್ ಇರೋ ಕೆಮ್ಮಿನ ಔಷಧ ಇಂಥವು ಸಿಂಗಾಪುರದಲ್ಲಿ ನಿಯಂತ್ರಿತ ಪಟ್ಟಿಲಿವೆ, ಅಲ್ಲಿನ ಆರೋಗ್ಯ ವಿಜ್ಞಾನ ಪ್ರಾಧಿಕಾರದ ವೆಬ್‌ಸೈಟಲ್ಲಿ ಪ್ರಮಾಣ ನೋಡಿ ಬೇಕಾದ್ರೆ ಅನುಮತಿ ತಗೊಳ್ಳಿ. ಇನ್ಶೂರೆನ್ಸ್ ಮಾಡುವಾಗ ಹಳೇ ಕಾಯಿಲೆ ಅಂಗವೈಕಲ್ಯ ಎಲ್ಲ ಹೇಳಿಬಿಡಿ, ಮುಚ್ಚಿಟ್ರೆ ಕ್ಲೇಮ್ ಹೊತ್ತಲ್ಲಿ ಕೈ ಎತ್ತುತಾರೆ. ಅಪ್ಪೆಮಿಡಿ ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ಸೆಕ್ಯೂರಿಟಿಲಿ ಹೋಗತ್ತೆ. ಕವಳ (ಎಲೆ ಅಡಿಕೆ) ಹಾಕೋರಿಗೆ ಒಂದು ಮಾತು, ತಂಬಾಕು ಜಗಿಯೋದು ಅಲ್ಲಿ ನಿಷೇಧ, ತಂಬಾಕಿನ ಎಸಳು ಕೂಡ ಒಯ್ಯೋ ಹಂಗಿಲ್ಲ.

ಅಲ್ಲಿ ಬಸ್ಸು ಹತ್ತೋದು ನೋಡ್ಬೇಕಿತ್ತು ನೀವು. ಡ್ರೈವರ್ ಕೆಳಗಿಳಿದು ಬಂದು ನಡುಬಾಗಿಲಲ್ಲಿ ಮಡಚಿದ ರಾಂಪ್ ಬಿಚ್ಚಿ ಹಾಕ್ತಾನೆ, ತಮ್ಮ ತಾನೇ ಚಕ್ರ ತಿರುಗಿಸ್ಕೊಂಡು ಒಳಗೆ ಹೋಗಿ ಹಿಂದುಮುಖ ಮಾಡಿ ನಿಲ್ತಾನೆ, ಇಳಿಯೋದಿದ್ರೆ ನೀಲಿ ಗುಂಡಿ ಒತ್ತೋದು. ಅಷ್ಟು ಹೊತ್ತು ಬಸ್ಸಲ್ಲಿ ಯಾರೂ ಲೊಚ್ ಅನ್ನಲ್ಲ. ಒಂದು ಬಸ್ಸಲ್ಲಿ ಒಂದೋ ಎರಡೋ ಚೇರಿಗೆ ಜಾಗ, ಹಂಗಾಗಿ ಎರಡು ಚೇರ್ ಇರೋರಿಗೆ ಕೆಲವು ಸಲ ಎರಡು ಬಸ್ಸು ಬೇಕಾಗತ್ತೆ, ಮೆಟ್ರೋ ಆದ್ರೆ ಆ ತಾಪತ್ರಯ ಇಲ್ಲ. ಸ್ಟೇಷನ್ನಲ್ಲಿ ಲಿಫ್ಟ್ ಯಾವ ಎಕ್ಸಿಟ್ ಹತ್ರ ಅಂತ ಮೊದಲೇ ನೋಡ್ಕೊಳ್ಳಿ, ಇಲ್ಲಾಂದ್ರೆ ಆ ಬಿಸಿಲಲ್ಲಿ ಸುತ್ತು ಹಾಕ್ಬೇಕು, ಕುಮಟೆ ಮೇ ತಿಂಗಳ ಸೆಖೆ ವರ್ಷವಿಡೀ. ಮಡಚೋ ಚೇರ್ ಆದ್ರೆ ಸಾದಾ ಟ್ಯಾಕ್ಸಿಲಿ ಹಿಂದೆ ಹಿಡಿಸತ್ತೆ, ಮಡಚದ್ದಾದ್ರೆ ರಾಂಪ್ ಇರೋ ದೊಡ್ಡ ಕ್ಯಾಬ್ ಮುಂಚೆ ಬುಕ್ ಮಾಡಿ. ದಿನಕ್ಕೆ ಒಂದೇ ಜಾಗ ಸಾಕು. ಬೊಟಾನಿಕ್ ಗಾರ್ಡನ್ನಿನ ಆರ್ಕಿಡ್ ತೋಟದಲ್ಲಿ ಆಯಿ ಮೂರು ತಾಸು ಕೂತ್ರು, ನಮ್ಮ ಕಾಡಲ್ಲಿ ಮಳೆ ಶುರುವಿಗೆ ಬಿಡೋ ಸೀತಾಳೆ ದಂಡೆ ತರದ್ದು ಹುಡುಕ್ತಾ.

ತಂಗಿ ಇರೋದು ಎಚ್‌ಡಿಬಿ ಫ್ಲಾಟು, ಅಂದ್ರೆ ಸರ್ಕಾರ ಕಟ್ಟಿಸಿದ ಸಾಮಾನ್ಯ ಜನರ ಮನೆ. ಅಲ್ಲಿ ರಸ್ತೆಯಿಂದ ಅವಳ ಬಾಗಿಲವರೆಗೆ ತಮ್ಮ ಒಬ್ಬನೇ ಹೋಗಿ ಬಂದು ಮಾಡ್ತಿದ್ದ, ಬೆಳಿಗ್ಗೆ ಎದ್ದು ಅಂಗಡಿಗೆ ಹೋಗಿ ಹಾಲು ತರ್ತಿದ್ದ. ನಮ್ಮನೇಲಿ ಜಗಲಿಗೆ ಮೂರು ಮೆಟ್ಲು, ಹನ್ನೆರಡು ವರ್ಷದಿಂದ ನಾವು ಎತ್ತಿ ಇಳಿಸ್ತಿದ್ವಿ. ವಾಪಸ್ ಬಂದ ಮರುದಿನ ಅವನೇ ಟೇಪ್ ಕೇಳಿದ. ಒಟ್ಟು ಹದಿನೆಂಟು ಇಂಚು ಎತ್ತರ. ಒಂದು ಇಂಚು ಏರೋಕೆ ಹನ್ನೆರಡು ಇಂಚು ಉದ್ದ ಇರ್ಬೇಕು ಅನ್ನೋದು ರಾಂಪಿನ ಲೆಕ್ಕ, ಅಂದ್ರೆ ಹದಿನೆಂಟು ಅಡಿ. ನೇರ ಹಾಕಿದ್ರೆ ತುಳಸಿಕಟ್ಟೆಗೆ ಹೋಗಿ ಬಡಿಯತ್ತೆ, ಹಂಗಾಗಿ ಒಂಬತ್ತು ಅಡಿ ಹೋಗಿ ಒಂದು ಚಪ್ಪಟೆ ಕಟ್ಟೆ, ಅಲ್ಲಿ ತಿರುಗಿ ಮತ್ತೆ ಒಂಬತ್ತು ಅಡಿ. ಅಂಗಳದಲ್ಲಿ ಅಡಿಕೆ ಹರವೋಕೆ ಜಾಗ ಕಮ್ಮಿ ಆಯ್ತು ಅಂತ ಆಯಿ ಗೊಣಗ್ತಾರೆ. ಗೊಣಗ್ತಾ ಅದರ ಮೇಲೇ ಇಳಿದು ಬರ್ತಾರೆ.